ಡೋರ್ ಸ್ಪೀಕರ್ ಬದಲಿಸಿದ ಮ್ಯಾಲೆ ಬೇಸ್ ಮಾಯ! ದೊಡ್ಡ ಆಂಪ್ (ಆಂಪ್ಲಿಫೈಯರ್) ಹಾಕ್ಲ್ಯಾ?

ಹಡಪ್ಸರ್ ಹುಡುಗ: ತಲಿ ಕೆಟ್ಟು ಹೋಗೇತಿ. ಕಂಪನಿ ಸ್ಪೀಕರ್ ತಗಿಸಿ ಹೊಸಾ ಕಾಂಪೊನೆಂಟ್ ಸ್ಪೀಕರ್ ಸೆಟ್ ಹಾಕಿಸೀನಿ. ಡಬ್ಬಿ ಮ್ಯಾಲೆ 300 ವಾಟ್ ಅಂತ ದಪ್ಪ ಅಕ್ಷರದಾಗ ಬರದಾರ, ಬೇಸ್ ನೋಡಿದ್ರ ಮೊದಲಿನಕಿಂತ ಕಮ್ಮಿ! ಡೊಳ್ಳಿನ ಪದ ಹಚ್ಚಿದ್ರ ತಗಡು ಬಡದಂಗ ಕೇಳ್ತೈತಿ. ಅಂಗಡಿಯಂವ ದೊಡ್ಡ ಆಂಪ್ ಹಾಕ್ರಿ ಅಂತಾನ. ಎಷ್ಟು ವಾಟ್‌ದು ತಗೊಳ್ಳಿ?

ವಾಸ್ಕೋ ವಾಟ್ಸ್: ಸ್ಟೀರಿಯೋ ಮೇಲೆ 50x4 ಅಂತ ಇರೋದನ್ನ ನಂಬಬೇಡಿ, ಆರ್‌ಎಂಎಸ್, ಅಂದ್ರೆ ಸತತವಾಗಿ ಕೊಡೋ ನಿಜವಾದ ಪವರ್, ಸುಮಾರು 20 ವಾಟ್ ಅಷ್ಟೇ. ಚಾನೆಲ್‌ಗೆ 100 ಆರ್‌ಎಂಎಸ್ ಕೊಡೋ ಆಂಪ್ ಹಾಕಿ, ಮುಗೀತು. ಬೇಸ್ ಅಂದ್ರೆ ಪವರ್.

ಮುಲುಂಡ್ ಮಾಣಿ: ಗಾಡಿ ಯಾವ್ದು, ಸ್ಪೀಕರಿನ ಸೆನ್ಸಿಟಿವಿಟಿ (ಕೊಟ್ಟ ಪವರಿಗೆ ಎಷ್ಟು ಜೋರು ಅನ್ನುವ ಡಿಬಿ ಲೆಕ್ಕ) ಎಷ್ಟು, ಈಗ ಆಂಪ್ ಉಂಟಾ ಇಲ್ವಾ, ಒಂದೂ ಹೇಳದೆ ಎಷ್ಟು ವಾಟ್ ಅಂತ ಕೇಳಿದ್ರೆ ಹೇಗೆ ಮಾರಾಯ್ರೆ?

ಹಡಪ್ಸರ್ ಹುಡುಗ: ಹ್ಯಾಚ್‌ಬ್ಯಾಕ್ ರೀ, ಮತ್ತೇನು. ಆಂಪ್ ಇಲ್ಲ, ಸ್ಟೀರಿಯೋಕ್ಕ ನೇರ ಜೋಡಿಸ್ಯಾರ. ಡಬ್ಬಿ ಮ್ಯಾಲೆ 87 ಡಿಬಿ ಅಂತೈತಿ.

ಮುಲುಂಡ್ ಮಾಣಿ: ಹಾಗೆ ಹೇಳಿ. ಕಂಪನಿ ಸ್ಪೀಕರಿನದ್ದು ಹೆಚ್ಚಾಗಿ ಹಗುರ ಕಾಗದದ ಕೋನ್, ಸಣ್ಣ ಪವರಿಗೇ ಕುಣೀತದೆ. ಸೆನ್ಸಿಟಿವಿಟಿ 3 ಡಿಬಿ ಇಳಿದ್ರೆ ಅಷ್ಟೇ ಶಬ್ದಕ್ಕೆ ಎರಡು ಪಟ್ಟು ಪವರ್ ಬೇಕು. 10 ಡಿಬಿಗೆ ಹತ್ತು ಪಟ್ಟು, ಆಗ ಕಿವಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಜೋರು ಅನ್ಸುದು. 87ರ ಬದಲು 90 ಡಿಬಿ ಸ್ಪೀಕರ್ ಹಾಕಿದ್ರೆ ಆ ಎರಡು ಪಟ್ಟು ಪವರ್ ಪುಕ್ಕಟೆ.

ಕೋಥ್ರೂಡ್ ರಾಯರು: ಯಾವ 87? 1 ವಾಟ್ ಕೊಟ್ಟು ಅಳೆದದ್ದೋ, 2.83 ವೋಲ್ಟ್ ಕೊಟ್ಟೋ? 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಅಂದರೆ 2 ವಾಟ್. ಹಾಗಿದ್ದರೆ ನಿಮ್ಮದು ವಾಟ್ ಲೆಕ್ಕದಲ್ಲಿ 84. ಅದೂ ಮಧ್ಯಸ್ವರದಲ್ಲಿ ಅಳೆದದ್ದು, 50 ಹರ್ಟ್ಸ್‌ನ ಬೇಸ್‌ನಲ್ಲಿ ಏನಾಗುತ್ತದೆಂದು ಅದು ಹೇಳುವುದೇ ಇಲ್ಲ.

ವಾಸ್ಕೋ ವಾಟ್ಸ್: ರಾಯರೇ, ಅವರು ಬೇಸ್ ಕೇಳಿದ್ರೆ ನೀವು ಓಮನ ಪಾಠ ಮಾಡ್ತೀರಲ್ಲ! ನನ್ನ ಡಿಕ್ಕಿಲಿ 12 ಇಂಚಿನ ಸಬ್‌ವೂಫರ್ ಎರಡು, ಮೋನೋಬ್ಲಾಕ್ (ಒಂದೇ ಚಾನೆಲ್ ಆಂಪ್), ಝೀರೋ ಗೇಜ್ ದಪ್ಪ ವೈರ್. ಜುವಾರಿ ಸೇತುವೆ ಮೇಲೆ ಹೋಗ್ತಿದ್ರೆ ನಂಬರ್ ಪ್ಲೇಟ್ ಅದುರುತ್ತೆ. ಸೆನ್ಸಿಟಿವಿಟಿ ಇವತ್ತಿನವರೆಗೂ ನೋಡಿಲ್ಲ.

ಕೋಥ್ರೂಡ್ ರಾಯರು: ಅದುರಿಸುತ್ತಿರುವುದು ಕೋನಿನ ವಿಸ್ತೀರ್ಣ ಸ್ವಾಮಿ. ಒಂದು 12 ಇಂಚು ಅಂದರೆ ಆರೂವರೆ ಇಂಚಿನ ಮೂರು-ನಾಲ್ಕು ಕೋನಿನಷ್ಟು. 80ರಿಂದ 40 ಹರ್ಟ್ಸ್‌ಗೆ ಇಳಿದರೆ ಅಷ್ಟೇ ಜೋರಿಗೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಡೋರ್ ಸ್ಪೀಕರಿಗೆ ಅಲ್ಲಿ ಜಾಗವೇ ಮುಗಿದಿರುತ್ತದೆ, 100 ವಾಟ್ ಕೊಟ್ಟು ಏನು ಬಂತು? ಹಾಫ್‌ಮನ್ ನಿಯಮ ನೆನಪಿರಲಿ: ಸ್ಪೀಕರ್ ಕೂರುವ ಸಣ್ಣ ಪೆಟ್ಟಿಗೆ, ಆಳದ ಬೇಸ್, ಹೆಚ್ಚು ಸೆನ್ಸಿಟಿವಿಟಿ, ಮೂರೂ ಒಟ್ಟಿಗೆ ಸಿಗವು.

ವಾಸ್ಕೋ ವಾಟ್ಸ್: ಅದಕ್ಕೇ ಅಲ್ವಾ ಸಣ್ಣ ಪೆಟ್ಟಿಗೆಗೆ ಪವರ್ ಬೇಕು ಅಂತ ಬಡ್ಕೊಂಡಿದ್ದು!

ಹಡಪ್ಸರ್ ಹುಡುಗ: ಅಣ್ಣಾರ, ಜಗಳ ಆಮ್ಯಾಲೆ. ಆಂಪ್ ತಗೊಳ್ಲ್ಯೋ ಬ್ಯಾಡೋ? ರವಿವಾರ ನಾನಾ ಪೇಠಕ್ಕ ಹೋಗಾಂವ ಅದೀನಿ.

ಮುಲುಂಡ್ ಮಾಣಿ: ದುಡ್ಡು ಕೊಡುವ ಮೊದಲು ಬ್ಯಾಲೆನ್ಸ್ ಪೂರಾ ಎಡಕ್ಕೆ ಹಾಕಿ ಕೇಳಿ, ಮತ್ತೆ ಬಲಕ್ಕೆ, ಮತ್ತೆ ನಡುವೆ.

ಹಡಪ್ಸರ್ ಹುಡುಗ: ಇದೇನ್ ವಿಚಿತ್ರ ರೀ! ಒಂದ ಬಾಜೂಕ ಇಟ್ರ ಡೊಳ್ಳು ಗುಡಗ್ತೈತಿ, ನಡುವ ತಂದ್ರ ಹೋಗಿಬಿಡ್ತೈತಿ.

ಮುಲುಂಡ್ ಮಾಣಿ: ಒಂದು ಸ್ಪೀಕರಿನ ಪ್ಲಸ್-ಮೈನಸ್ ಅದಲುಬದಲಾಗಿರ್ಬೇಕು. ಒಂದು ಕೋನ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೀತದೆ, ಕೆಳಸ್ವರ ಅಲ್ಲಿಗಲ್ಲಿಗೆ ವಜಾ. ಸ್ಟೀರಿಯೋದಿಂದ ಸ್ಪೀಕರ್ ವೈರ್ ಬಿಡಿಸಿ ಒಂದೂವರೆ ವೋಲ್ಟಿನ ಸೆಲ್ ಸ್ವಲ್ಪ ತಾಗಿಸಿ, ಪ್ಲಸ್‌ಗೆ ಪ್ಲಸ್. ಕೋನ್ ಮುಂದೆ ಬರ್ಬೇಕು. ಡೋರ್ ಪ್ಯಾಡ್ ಬಿಚ್ಚಿದಾಗ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದ್ಯಾ ನೋಡಿ. ದೊಡ್ಡ ತೂತುಗಳಿಗೆ ಬ್ಯುಟೈಲ್ ರಬ್ಬರಿನ ಅಂಟು ಶೀಟ್ ಅಂಟಿಸಿ, ಕೆಳಗೆ ನೀರು ಹೋಗುವ ತೂತು ಮಾತ್ರ ಮುಚ್ಬೇಡಿ.

ವಾಸ್ಕೋ ವಾಟ್ಸ್: ಸರಿ ಮಾಡಿಸಿದ ಮೇಲೂ ಆಂಪ್ ಬೇಕೇ ಬೇಕು, ಬರೆದಿಟ್ಕೊಳ್ಳಿ.

ಹಡಪ್ಸರ್ ಹುಡುಗ: ಎಡಗಡೆ ಕೋನ್ ಒಳಗ ಹೋಗಾಕತ್ತಿತ್ತು. ವೈರ್ ತಿರುವಿ ಹಾಕೀನಿ, ಬೇಸ್ ಬಂತು! ಈಗ ಡೋರ್ ಪ್ಯಾಡ್ ಗಿರಗಿರ ಅನ್ನಾಕತ್ತೈತಿ. ಶೀಟ್ ಎಷ್ಟು ದಪ್ಪಂದು ತರ್ಲಿ?

ಮಾಪುಸಾ ಮಂದಿ: ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನನ್ನ ಗಾಡೀಲಿ ಬೇಸ್ ಚೆನ್ನಾಗಿದೆ, ಆದ್ರೆ ಆಕ್ಸಿಲರೇಟರ್ ಒತ್ತಿದ್ರೆ ಸ್ಪೀಕರಲ್ಲಿ ಕುಯ್ಯ್ ಅಂತ ಶಬ್ದ ಬರುತ್ತೆ.

ಕೋಥ್ರೂಡ್ ರಾಯರು: ಆಲ್ಟರ್ನೇಟರ್ ಶಬ್ದ ಅದು. ಆಂಪ್‌ನ ಅರ್ಥ್ ಎಲ್ಲಿ ಕೊಟ್ಟಿದ್ದಾರೆ? ಪೇಂಟ್ ಕೆರೆದು ಕೊಟ್ಟಿದ್ದಾರೋ ಇಲ್ಲವೋ?

ವಾಸ್ಕೋ ವಾಟ್ಸ್: ಝೀರೋ ಗೇಜ್ ಹಾಕಿಸಿ.