ಚಹಾ ‘ಕುದಿಸು’, ‘ನೆನೆಸು’, ‘ಇಳಿಸು’: ಯಾವುದು ಸರಿ?

ಗೆಳೆಯರೇ,

ಬೇರೆ ಬೇರೆ ಬಗೆಯ ಚಹಾ ಮಾಡುವುದು ಹೇಗೆ ಎಂದು ಕನ್ನಡದಲ್ಲಿ ಒಂದು ಪುಟ ಬರೆದುಕೊಡಲು ಒಪ್ಪಿಕೊಂಡೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಈಗ ಮೂರು ದಿನದಿಂದ ಒಂದೇ ಒಂದು ಕ್ರಿಯಾಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ಎಲೆಯ ಮೇಲೆ ಬಿಸಿ ನೀರು ಸುರಿದು, ಮುಚ್ಚಿಟ್ಟು, ಸಾರ ಬರುವವರೆಗೆ ಸುಮ್ನೆ ಬಿಡುತ್ತೇವಲ್ಲ, ಇಂಗ್ಲಿಷಿನವರು ‘ಸ್ಟೀಪ್’ ಅನ್ನುತ್ತಾರೆ. ಅದಕ್ಕೆ ನಮ್ಮ ಮಾತು ಯಾವುದು?

ಮೊದಲ ಕರಡಿನಲ್ಲಿ ‘ಕುದಿಸಿ’ ಎಂದೇ ಬರೆದಿದ್ದೆ. ಓದಿದ ಗೆಳತಿ ಹಾಗೇ ಮಾಡಿದಳು. ಹಸಿರು ಚಹಾದ ಎಲೆಯನ್ನು ನೀರಿಗೆ ಹಾಕಿ ಐದು ನಿಮಿಷ ಕೊತಕೊತ ಕುದಿಸಿದಳು. ಕುಡಿದರೆ ನಾಲಗೆಯೇ ಒಣಗಿಹೋಯಿತು. ತಪ್ಪು ಅವಳದಲ್ಲ, ನನ್ನ ಪದದ್ದು. ಹಸಿರು ಚಹಾಕ್ಕೆ 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು, ಎರಡು ನಿಮಿಷ, ಅಷ್ಟೇ ಸಾಕು. ಬಿಸಿ ಹೆಚ್ಚಾದರೆ ಕ್ಯಾಟೆಕಿನ್ ಅನ್ನುವ ಒಗರಿನ ಅಂಶಗಳು ಬೇಗ ಬೇಗ ಹೊರಬರುತ್ತವೆ. ಸವಿ ಕೊಡುವ ಥಿಯನೈನ್ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಹಾಲು ಹಾಕಿ ಮಾಡುವ ಪುಡಿ ಚಹಾದ ಲೆಕ್ಕ ಬೇರೆ. ಅಲ್ಲಿ ಹಾಲಿನ ಪ್ರೋಟೀನು ಒಗರನ್ನು ಹಿಡಿದುಕೊಳ್ಳುತ್ತದೆ, ಕುದಿಸಿದರೂ ನಡೆಯುತ್ತದೆ.

ಅಂದಹಾಗೆ ‘ಒಗರು’ ಎಂಥ ಒಳ್ಳೆಯ ಪದ! ಕಹಿ ಬೇರೆ, ಒಗರು ಬೇರೆ. ಕೆಫೀನು ಕಹಿ. ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುವುದು ಒಗರು. ಸಂಸ್ಕೃತದಲ್ಲಿ ಈ ರುಚಿಯ ಹೆಸರೇ ‘ಕಷಾಯ’. ಕುದಿಸಿ ಇಳಿಸಿದ ಮದ್ದಿಗೂ ಅದೇ ಹೆಸರು. ಗೆಳತಿ ಮಾಡಿದ್ದು ಎರಡೂ ಅರ್ಥದಲ್ಲಿ ಕಷಾಯವೇ.

ಆಮೇಲೆ ‘ನೆನೆಸಿ’ ಎಂದು ತಿದ್ದಿದೆ. ನಿಘಂಟು ಒಪ್ಪಬಹುದು, ಕಿವಿ ಒಪ್ಪಲಿಲ್ಲ. ಯಾಕೆ ಎಂದು ಯೋಚಿಸಿದಾಗ ಹೊಳೆದದ್ದು ಇದು: ಕಾಳು ನೆನೆಸುತ್ತೇವೆ, ಬಟ್ಟೆ ನೆನೆಸುತ್ತೇವೆ. ಎರಡರಲ್ಲೂ ನಮಗೆ ಬೇಕಾದದ್ದು ನೆನೆದ ವಸ್ತು, ನೀರನ್ನು ಚೆಲ್ಲುತ್ತೇವೆ. ಚಹಾದಲ್ಲಿ ಉಲ್ಟಾ. ನೀರು ಬೇಕು, ಎಲೆ ಬೇಡ. ‘ಬಸಿ’ ಮತ್ತು ‘ಸೋಸು’ ನಡುವೆ ಕನ್ನಡ ಇದೇ ಗೆರೆ ಎಳೆದಿದೆ, ಅಲ್ವಾ? ಬೇಯಿಸಿದ ಕಾಳನ್ನು ಉಳಿಸಿಕೊಂಡು ನೀರು ತೆಗೆದರೆ ಬಸಿಯುವುದು. ಚರಟ ಬಿಟ್ಟು ನೀರು ಉಳಿಸಿಕೊಂಡರೆ ಸೋಸುವುದು. ಚಹಾವನ್ನು ಯಾರೂ ಬಸಿಯುವುದಿಲ್ಲ.

ಮೂರನೆಯದು ‘ಇಳಿಸು’. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತದೆ ಅನ್ನುತ್ತೇವೆ. (ಡಿಕಾಕ್ಷನ್ ಅಂದರೆ ಮೂಲದಲ್ಲಿ ಕುದಿಸಿದ್ದು. ಫಿಲ್ಟರಿನಲ್ಲಿ ಕುದಿಯುವುದು ಏನೂ ಇಲ್ಲ. ಪದ ಬಂತು, ಅರ್ಥ ಬರಲಿಲ್ಲ.) ‘ಸಾರ ಇಳಿಯಲಿ’ ಅಂದರೆ ಚೆಂದವೇ. ಆದರೆ ಅದೇ ಪುಟದಲ್ಲಿ ‘ನೀರನ್ನು ಒಲೆಯಿಂದ ಇಳಿಸಿ’ ಎಂದೂ ಇದೆ. ಎರಡು ಸಾಲಿನಲ್ಲಿ ಎರಡು ‘ಇಳಿಸಿ’ ಬಂದರೆ ಓದುವವರು ಪಾತ್ರೆ ಹಿಡಿದುಕೊಂಡು ನಿಲ್ಲುತ್ತಾರೆ. ‘ಇಳಿಬಿಡು’ ಮಾತ್ರ ದಾರ ಕಟ್ಟಿದ ಟೀ ಬ್ಯಾಗಿಗೆ ಹೇಳಿ ಮಾಡಿಸಿದ ಹಾಗಿದೆ.

ಆಯುರ್ವೇದದಲ್ಲಿ ಲೆಕ್ಕ ಚೊಕ್ಕ. ಕುದಿಸಿದ್ದು ಕ್ವಾಥ. ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು ಸೋಸಿದ್ದು ಫಾಂಟ. ತಣ್ಣೀರಲ್ಲಿ ರಾತ್ರಿಯಿಡೀ ಇಟ್ಟದ್ದು ಹಿಮ. ಅಂದರೆ ಹಸಿರು ಚಹಾ ಒಂದು ಫಾಂಟ, ಈಗಿನ ‘ಕೋಲ್ಡ್ ಬ್ರೂ’ ಒಂದು ಹಿಮ! ಆದರೆ ‘ಫಾಂಟ ಮಾಡಿಕೊಳ್ಳಿ’ ಎಂದು ಬರೆದರೆ ನನ್ನ ಪುಟವನ್ನು ಯಾರೂ ಓದಲಾರರು.

ಸದ್ಯಕ್ಕೆ ನನ್ನ ಒಲವು ‘ಬಿಡು’ ಕಡೆಗೆ. ಎಲೆ ಬಣ್ಣ ಬಿಡುತ್ತದೆ, ಸಾರ ಬಿಡುತ್ತದೆ. ಇಲ್ಲಿ ಕೆಲಸ ಎಲೆಯದು, ನಾವು ಕಾಯುವವರು ಅಷ್ಟೇ. ಒಂದೇ ತೊಡಕು: ‘ಮೂರು ನಿಮಿಷ ಸಾರ ಬಿಡಲು ಬಿಡಿ’ ಆಗುತ್ತದೆ. ‘ಮೂರು ನಿಮಿಷ ಸಾರ ಬಿಡಲಿ’ ಎಂದರೆ ಆದೀತೇ? ನನಗೆ ಹಿಡಿಸಿದೆ, ಆದರೆ ಅಡುಗೆ ಬರಹದ ಧಾಟಿಗೆ ಹೊಂದುತ್ತದೋ ಇಲ್ಲವೋ ನೀವೇ ಹೇಳಿ.

ಹೆಸರುಗಳದ್ದು ಇನ್ನೊಂದು ಗೋಳು. ನಮ್ಮಲ್ಲಿ ‘ಬ್ಲ್ಯಾಕ್ ಟೀ’ ಅಂದರೆ ಹಾಲು ಹಾಕದ ಟೀ. ಚಹಾದವರಿಗೆ ಅದು ಎಲೆಯ ಬಗೆ, ಪೂರ್ತಿ ಕಪ್ಪಾಗಲು ಬಿಟ್ಟ ಎಲೆ. 95 ಡಿಗ್ರಿ ದಾಟಿದ ನೀರು, ಮೂರರಿಂದ ಐದು ನಿಮಿಷ ಬೇಕು. ‘ಬ್ಲ್ಯಾಕ್ ಟೀಗೆ ಬೇಕಿದ್ದರೆ ಹಾಲು ಸೇರಿಸಿ’ ಎಂದು ಬರೆದರೆ ನಗು ಬರುತ್ತದೆ. ಚೀನೀಯರು ಇದನ್ನೇ ‘ಹೊಂಗ್‌ಚಾ’, ಅಂದರೆ ಕೆಂಪು ಚಹಾ ಅನ್ನುತ್ತಾರೆ. ಅವರ ‘ಹೇಚಾ’, ಅಂದರೆ ಕಪ್ಪು ಚಹಾ, ಪೂಅರ್‌ನಂಥದ್ದು. ಅದಕ್ಕೆ ಕುದಿಯುವ ನೀರು, ಮೊದಲ ಸಲ ಸುರಿದದ್ದನ್ನು ಎಲೆ ತೊಳೆದ ಹಾಗೆ ಚೆಲ್ಲುವುದು ವಾಡಿಕೆ. ಕೆಂಪು ಚಹಾ ಅನ್ನೋಣವೆಂದರೆ ರೂಯ್‌ಬಾಸ್ ಎಂಬ, ಚಹಾ ಗಿಡದ್ದೇ ಅಲ್ಲದ ಎಲೆಗೂ ಅದೇ ಹೆಸರಿದೆ.

ಎಲೆ ಕಪ್ಪಾಗುವುದಕ್ಕೆ ‘ಹುದುಗುವುದು’ ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆಚ್ಚಿಟ್ಟ ಸೇಬು ಗಾಳಿಗೆ ಕಂದಾಗುತ್ತದಲ್ಲ, ಇದೂ ಅದೇ. ನಿಜವಾಗಿ ಸೂಕ್ಷ್ಮಜೀವಿಗಳು ಕೆಲಸ ಮಾಡುವುದು ಪೂಅರ್‌ನಂಥ ಚಹಾದಲ್ಲಿ. ಹಾಗಾಗಿ ಹಸಿರಿಗೂ ಕಪ್ಪಿಗೂ ನಡುವಿನ ಬಗೆಯಾದ ಊಲಾಂಗ್ ಚಹಾಕ್ಕೆ ‘ಅರೆ ಹುದುಗಿದ’ ಬದಲು ‘ಅರೆ ಕಂದಿದ’ ಎಂದು ಬರೆದಿದ್ದೇನೆ. ಆದರೆ ‘ಕಂದಿದ’ ಅಂದರೆ ಬಾಡಿದ್ದು ಎಂಬ ಅರ್ಥ ಬಂದುಬಿಡುತ್ತದಾ? ಚಹಾ ತಯಾರಿಯಲ್ಲಿ ಬಾಡಿಸುವುದು ಬೇರೆಯೇ ಹಂತ, ಅದು ಮೊದಲು ಬರುತ್ತದೆ.

ಕೊನೆಯದಾಗಿ ನೀರು. ಡಿಗ್ರಿ ಅಳೆಯುವ ಕಡ್ಡಿ ಎಲ್ಲರ ಬಳಿ ಇರುವುದಿಲ್ಲ. ‘ಉಗುರುಬೆಚ್ಚಗೆ’ ಅಂದರೆ ತೀರಾ ಕಡಿಮೆ, ‘ಮರಳುವ ನೀರು’ ಅಂದರೆ ಜಾಸ್ತಿ. ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿರುವ, ಇನ್ನೂ ಕುದಿ ಬಾರದ ನೀರಿಗೆ ನಿಮ್ಮ ಮನೆಮಾತಿನಲ್ಲಿ ಒಂದೇ ಪದ ಇದೆಯಾ? ನನಗೆ ಸಿಕ್ಕಿದ್ದು ‘ಕಾದ ನೀರು’ ಮಾತ್ರ, ಅದು ಸ್ನಾನಕ್ಕೂ ಆಗುತ್ತದೆ.