ರಾಗಿ ಹೊಲದಲ್ಲಿ 30×40 ಸೈಟು, 11ಬಿ ಇದೆ ಅಂತಾರೆ. ತಗೊಳ್ಳಬಹುದಾ?

ಹೊಸಮನೆ_ಆಸೆ
ದೊಡ್ಡಬಳ್ಳಾಪುರದ ಆಚೆ ಒಂದು ರಾಗಿ ಹೊಲವನ್ನು ಸೈಟು ಮಾಡಿ ಮಾರುತ್ತಿದ್ದಾರೆ. ಜೆಸಿಬಿಯಲ್ಲಿ ಮಟ್ಟ ಮಾಡಿ, ಕಲ್ಲು ನೆಟ್ಟು ಸುಣ್ಣ ಬಳಿದಿದ್ದಾರೆ. ನಾವು ನೋಡಿದ್ದು ತಗ್ಗಿನ ಕಡೆಯ ಮೂಲೆ ಸೈಟು. ನಮ್ಮತ್ತೆಗೆ ತುಂಬಾ ಹಿಡಿಸಿದೆ. "ಪಂಚಾಯಿತಿ ಖಾತೆ ಇದೆ ಮೇಡಂ, ನಾಳೆನೇ ಪಾಯ ತೆಗೀಬಹುದು" ಅಂತಾರೆ ಏಜೆಂಟ್. ಕೊಟ್ಟಿರೋದು ನಮೂನೆ 11ಬಿ ಜೆರಾಕ್ಸ್ ಮಾತ್ರ. ಸಾಕಾ?

ಗಿರಿ_ಕೆ
ನಮ್ಮ ಕಡೆ ಎಲ್ಲರೂ ಹೀಗೇ ಕಟ್ಟಿರೋದು. ಜಾಸ್ತಿ ಯೋಚನೆ ಮಾಡಿದ್ರೆ ರೇಟ್ ಏರುತ್ತೆ ಅಷ್ಟೇ.

ಸರಪಳಿ_ತಾತ
ಸಾಲದು ಕಣಮ್ಮ. ಸರ್ವೆ ಕೆಲಸ ಮಾಡಿ ರಿಟೈರ್ ಆದವನು ನಾನು, ಅದಕ್ಕೇ ಹೇಳುತ್ತೇನೆ. ಭೂಪರಿವರ್ತನೆ ಆಗಿ, ಅಂದ್ರೆ ಹೊಲ ಮನೆ ಕಟ್ಟೋ ಜಾಗ ಅಂತ ಬದಲಾಗಿ, ಬಡಾವಣೆ ನಕ್ಷೆ ಮಂಜೂರಾಗಿದ್ದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9, 11ಎ ಬರುತ್ತದೆ. 11ಬಿ ಅಂದ್ರೆ ಇವೆರಡೂ ಆಗದ ಜಾಗಕ್ಕೂ ಕೊಡೋ ಪಂಚಾಯಿತಿ ಖಾತೆ. ಅದು ಇದೆ ಅಂತ ಹೊಲ ಸೈಟಾಗುವುದಿಲ್ಲ.

ಸರ್ವೆ ನಂಬರ್ ಕೇಳಿ ಪಹಣಿ ತೆಗೆಸಿ. ಎಲ್ಲರೂ 9ನೇ ಕಾಲಂನಲ್ಲಿ ಹೆಸರು ನೋಡಿ ಮಡಚಿಡುತ್ತಾರೆ. ನೀವು 3ನೇ ಕಾಲಂ ನೋಡಿ. ಅಲ್ಲಿ ಖರಾಬು ಎಷ್ಟು ಅಂತ ಇರುತ್ತದೆ. ಎ ಖರಾಬು ಅಂದ್ರೆ ಬಂಡೆ ಗಿಂಡೆ, ಸಾಗುವಳಿಗೆ ಬಾರದ್ದು. ಬಿ ಖರಾಬು ಹಳ್ಳ, ದಾರಿ, ಸ್ಮಶಾನದ್ದು. ಅದನ್ನು ಮಾರೋಕೆ ಹೊಲದವರಿಗೂ ಹಕ್ಕಿಲ್ಲ. ಆಮೇಲೆ ನಿಂತ ಜಾಗದ ಸರ್ವೆ ನಕ್ಷೆಯನ್ನು ಮೊಬೈಲಿನಲ್ಲೇ ತೋರಿಸುವ ದಿಶಾಂಕ್ ಆ್ಯಪ್ ಹಾಕ್ಕೊಂಡು ಸೈಟಿನ ಮೇಲೇ ನಿಂತು ನೋಡಿ.

ಹೊಸಮನೆ_ಆಸೆ
ನೋಡಿದೆ ಸರ್. ಬಿ ಖರಾಬು 6 ಗುಂಟೆ. ಹಳ್ಳದ ಗೆರೆ ನಮ್ಮ ಸೈಟಿನ ಪಕ್ಕದಲ್ಲೇ ಹೋಗಿದೆ! ಏಜೆಂಟ್ ಕೇಳಿದ್ರೆ "ಅದರಲ್ಲಿ ನೀರು ಹರಿದು ಯಾವ ಕಾಲ ಆಯ್ತೋ" ಅಂತಾರೆ.

ಸರಪಳಿ_ತಾತ
2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಮಳೆನೀರು ನುಗ್ಗಿದ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್‌ನಲ್ಲಿ ಹೊರಗೆ ತಂದಿದ್ದನ್ನು ಅವರು ಟಿವಿಯಲ್ಲಿ ನೋಡಿಲ್ವಂತಾ?

ಸರ್ವೆಯಲ್ಲಿ ಅಳೆಯೋ ನಮ್ಮ ಸರಪಳಿ 33 ಅಡಿ. ಅದರ ಚೌಕವೇ ಗುಂಟೆ, 1,089 ಚದರಡಿ. ಆರು ಗುಂಟೆ ಅಂದ್ರೆ ನಿಮ್ಮಂಥ ಐದು ಸೈಟು ಮೇಲೊಂದಿಷ್ಟು. ಅಷ್ಟು ಜಾಗ ಬಿಟ್ಟು ಕಲ್ಲು ನೆಟ್ಟಿದ್ದಾರಾ, ಎಣಿಸಿ. ಆದರೆ ಮೊಬೈಲ್ ಸ್ವಲ್ಪ ಆಚೀಚೆ ತೋರಿಸುತ್ತದೆ, ಅದೊಂದನ್ನೇ ನಂಬಬೇಡಿ. ಹದ್ದುಬಸ್ತು, ಅಂದ್ರೆ ಸರ್ವೆ ಇಲಾಖೆಯಿಂದ ಗಡಿ ಅಳತೆ, ಮಾಡಿಸಿಕೊಡಿ ಅನ್ನಿ. ಅಲ್ಲಿವರೆಗೂ ಅಡ್ವಾನ್ಸ್ ಬೇಡ.

ಹೊಸಮನೆ_ಆಸೆ
ಅದರ ಅರ್ಜಿ ನಾವು ಹಾಕಬೇಕಾ ಸರ್?

ಸರಪಳಿ_ತಾತ
ಪಹಣಿಯಲ್ಲಿ ಹೆಸರಿರೋರು ಹಾಕಬೇಕು, ಖರ್ಚೂ ಅವರದೇ. ಅಳತೆ ದಿನ ನೀವೂ ಹೋಗಿ ನಿಂತ್ಕೊಳ್ಳಿ.