ಅಪ್‌ಡೇಟ್: ಮಗಳ ಎಣಿಕೆ ಮತ್ತು ಅಕ್ಷರ ಕಲಿಕೆ

ನಾಲ್ಕು ವರ್ಷದ ಮಗಳು ಇಪ್ಪತ್ತರವರೆಗೆ ಸರಾಗವಾಗಿ ಹೇಳಿದರೂ ವಸ್ತುಗಳನ್ನು ಎಣಿಸಲು ತಡವರಿಸುತ್ತಾಳೆ, ಬಿಡಿ ಅಕ್ಷರಗಳನ್ನು ಗುರುತಿಸುವುದಿಲ್ಲ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಸಲಹೆಯಂತೆ ಹುಣಸೆ ಬೀಜಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕುತ್ತ ಎಣಿಸಲು ಆರಂಭಿಸಿದೆವು. ಒಂದು ಬೀಜಕ್ಕೆ ಒಂದೇ ಸಂಖ್ಯೆ ಎಂಬುದು ಬೇಗ ರೂಢಿಯಾಯಿತು, ಆದರೆ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಮನದಟ್ಟಾಗಲು ಹೆಚ್ಚು ಸಮಯ ಹಿಡಿಯಿತು. 'ಒಟ್ಟು ಎಷ್ಟಮ್ಮಾ?' ಎಂದಾಗಲೆಲ್ಲ ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು.

ಅಕ್ಷರಗಳಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು, ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ತರಗತಿಗಳಲ್ಲಿರುವಂತೆ ರ, ಗ, ಸ, ದ, ಅ ಎಂಬ ಐದರಿಂದ ತೊಡಗಿದ್ದೇ ಅತ್ಯಂತ ಉಪಯುಕ್ತವಾಯಿತೆಂದು ನನ್ನ ಅಭಿಪ್ರಾಯ, ಏಕೆಂದರೆ ಅಷ್ಟರಿಂದಲೇ ಸರ, ಅರಸ, ಗರಗಸದಂತಹ ಪೂರ್ಣ ಪದಗಳನ್ನು ಓದಬಹುದು. ಮ ಮತ್ತು ವ ಅಕ್ಷರಗಳ ಗೊಂದಲ ಇನ್ನೂ ಉಳಿದಿರುವುದರಿಂದ, ಪೆನ್ಸಿಲ್ ಕೊಡುವ ಅವಸರ ಮಾಡದೆ, ರವೆ ಹರಡಿದ ತಟ್ಟೆಯಲ್ಲಿ ಬೆರಳಿನಿಂದಲೇ ತಿದ್ದಿಸುತ್ತಿದ್ದೇವೆ.